ಅಪ್‌ಡೇಟ್: ಮಗಳಿಗೆ ಶೂಟಿಂಗ್ ರೇಂಜ್ ಸಿಕ್ಕಿತು

ಮಗಳಿಗೆ 10 ಮೀಟರ್ ಏರ್ ರೈಫಲ್ (ಗಾಳಿಯ ಒತ್ತಡದ ಬಂದೂಕಿನಿಂದ 10 ಮೀಟರ್ ದೂರದ ಗುರಿಗೆ ಹೊಡೆಯುವ ಆಟ) ಕಲಿಯುವ ಆಸೆ, ಬೆಂಗಳೂರಲ್ಲಿ ಒಳ್ಳೆಯ ಇನ್‌ಡೋರ್ ರೇಂಜ್ ಇದ್ದರೆ ಹೇಳಿ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಫೀಸ್ ಕಟ್ಟುವ ಮುಂಚೆ ಒಂದು ಕ್ಲಾಸ್ ನೋಡಿ ಬನ್ನಿ ಅಂದಿದ್ದಿರಿ. ಆ ಮಾತು ತುಂಬಾ ಉಪಯೋಗಕ್ಕೆ ಬಂತು.

ಜಯನಗರದ ಹತ್ತಿರ ಒಂದು ಚಿಕ್ಕ ರೇಂಜಿಗೆ ಸೇರಿಸಿದ್ದೇವೆ. ನಾವು ನೋಡಲು ಹೋದಾಗ ಒಬ್ಬ ಹುಡುಗನ ಟಾರ್ಗೆಟ್ ಪೇಪರ್ ಸಿಕ್ಕಿಹಾಕಿಕೊಂಡಿತು. ಕೋಚ್ ‘ಸ್ಟಾಪ್’ ಅಂದರು. ಎಲ್ಲರೂ ಗನ್ ಖಾಲಿ ಮಾಡಿ, ಟೇಬಲ್ ಮೇಲಿಟ್ಟು ಹಿಂದೆ ಸರಿದರು. ಆಮೇಲೇ ಅವರು ಮುಂದೆ ಹೋಗಿ ಪೇಪರ್ ಬಿಡಿಸಿದ್ದು. ಇಲ್ಲೇ ಸೇರಿಸೋಣ ಅನ್ನಲು ನನಗೆ ಅಷ್ಟು ಸಾಕಾಯಿತು.

ಶುರುವಿನಲ್ಲಿ ಪೆಲೆಟ್ಟೇ (ಈ ಗನ್ನಿನ ಚಿಕ್ಕ ಗುಂಡು) ಕೊಡಲಿಲ್ಲ. ನಿಲ್ಲುವುದು, ಉಸಿರು ಹಿಡಿಯುವುದು, ಟ್ರಿಗರ್ ಮೆಲ್ಲಗೆ ಒತ್ತುವುದು, ಇಷ್ಟೇ. ಅದು ಸರಿ ಅಲ್ವಾ? ಪೆಲೆಟ್ 4.5 ಮಿಲಿಮೀಟರ್, ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್! 2008ರ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದೇ ಸ್ಪರ್ಧೆಯಲ್ಲಿ. ಆ ಗೆಲುವು ಎಷ್ಟು ದೊಡ್ಡದು ಅಂತ ಈಗ ಅರ್ಥವಾಗುತ್ತಿದೆ.

ರೈಫಲ್ ಭಾರ ಜಾಸ್ತಿ, ಹಾಗಾಗಿ ಸದ್ಯಕ್ಕೆ ಸ್ಟ್ಯಾಂಡ್ ಮೇಲಿಟ್ಟು ಅಭ್ಯಾಸ. ಗನ್ ರೇಂಜಿನದೇ. ಸುಮ್ನೆ ಮೊದಲೇ ದುಡ್ಡು ಸುರಿದು ಕೊಳ್ಳಬೇಡಿ. ಪೆಲೆಟ್ ಸೀಸದ್ದು, ಅಭ್ಯಾಸ ಮುಗಿದ ತಕ್ಷಣ ಮಕ್ಕಳ ಕೈ ಸೋಪಿನಲ್ಲಿ ತೊಳೆಸಿ.