ಶೆಟ್ರ ಮಂಡಿಗೆ ಪ್ರಾರ್ಥನೆ

ಆವತ್ತು ಶೆಟ್ರು ಕಾಫಿ ಮುಟ್ಟಲಿಲ್ಲ. ಮುಂಬಯಿಯ ಮಾಟುಂಗಾದಲ್ಲಿ ಭಾನುವಾರ ಸಂಜೆ ನಾವು ನಾಲ್ವರು ಕೂಡುವ ಮೇಜು ಅವರ ಹೋಟೆಲಿನದೇ. ಅವರು ಮುಟ್ಟದಿದ್ದರೆ ಮಾಣಿ ನಮಗೂ ತರುವುದಿಲ್ಲ. ಹಾಗಾಗಿ ವಿಚಾರಿಸದೆ ವಿಧಿ ಇರಲಿಲ್ಲ.

"ನನ್ನನ್ನು ಎಂತ ಕೇಳ್ತೀರಿ? ಇವರನ್ನು ಕೇಳಿ," ಎಂದು ಕರುಣಾಕರನತ್ತ ಗದ್ದ ತಿರುಗಿಸಿದರು. "ಹೋದ ಭಾನುವಾರ ಇವರ ಚರ್ಚಲ್ಲಿ ನನ್ನ ಮಂಡಿಗೆ ಪ್ರಾರ್ಥನೆ ಆಗಿದೆ. ಮೈಕಲ್ಲಿ! ಎಪ್ಪತ್ತು ಜನ ಕಣ್ಣು ಮುಚ್ಚಿ ನನ್ನ ಬಲ ಮಂಡಿಗೆ ಬೇಡಿಕೊಂಡಿದ್ದಾರೆ."

"ಒಳ್ಳೇದೇ ಆಯ್ತಲ್ಲ ಶೆಟ್ರೆ," ಅಂದೆ.

"ನೋಯುವುದು ಎಡದ್ದು!"

ಕರುಣಾಕರನಿಗೆ ನಾಚಿಕೆಯೇನೂ ಆಗಲಿಲ್ಲ. "ಬಲದ್ದು ಈಗ ಹೇಗೆ ಉಂಟು?" ಎಂದು ಕೇಳಿದ. ಶೆಟ್ರು ಮೇಜಿನ ಕೆಳಗೆ ಒಮ್ಮೆ ಮಡಚಿ ಬಿಡಿಸಿ ನೋಡಿಕೊಂಡು, ಅದು ಮೊದಲಿಂದಲೂ ಚೆನ್ನಾಗಿತ್ತು ಎಂದು ಗೊಣಗಿದರು.

ಕರುಣಾಕರ ಆ ಚರ್ಚಿನ ಸಭೆಯ ಹಿರಿಯರಲ್ಲೊಬ್ಬ. ಹೆಸರು ಕೇಳಿ ಧಾರವಾಡದ ಕುಲಕರ್ಣಿ ಅವನನ್ನು ಮೂರು ವರ್ಷ ಉಡುಪಿ ಭಟ್ಟರ ಪೈಕಿ ಅಂದುಕೊಂಡಿದ್ದ. ಕ್ರಿಸ್‌ಮಸ್ಸಿಗೆ ಡಬ್ಬಿ ತುಂಬ ಕೇಕು ಬಂದಾಗಲೇ ತಿಳಿದದ್ದು. ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಮಿಶನರಿಗಳ ಬಾಸೆಲ್ ಮಿಶನ್ ಕಡೆಯ ಮಂಗಳೂರಿಗರಲ್ಲಿ ಕರುಣಾಕರ, ಸದಾನಂದ ಎಲ್ಲ ಮಾಮೂಲಿ ಹೆಸರು.

"ಅದಿರಲಿ, ಮಂಡಿ ವಿಷಯ ಹೊರಗೆ ಹೋದದ್ದು ಹೇಗೆ?" ಎಂದೆ. ಕುಲಕರ್ಣಿ ನೀರಿನ ಲೋಟದೊಳಗೆ ಏನೋ ಹುಡುಕತೊಡಗಿದ.

ಕರುಣಾಕರನ ಸಭೆಯವರಲ್ಲಿ ಗುರುವಾರ ರಾತ್ರಿ ಮನೆ ಪ್ರಾರ್ಥನೆ ಕೂಟ ಇರುತ್ತದೆ. ಒಂದು ವಾರ ಕುರ್ಲಾ, ಒಂದು ವಾರ ಚೆಂಬೂರು. ಎರಡು ಕೀರ್ತನೆ, ಸತ್ಯವೇದದ ಒಂದು ಅಧ್ಯಾಯ, ಆಮೇಲೆ "ಯಾರದ್ದಾದರೂ ವಿಜ್ಞಾಪನೆ ಉಂಟಾ?" ಎಂಬ ಪ್ರಶ್ನೆ. ಒಬ್ಬರ ಮಗಳ ಇಂಟರ್‌ವ್ಯೂ, ಇನ್ನೊಬ್ಬರ ಪಿತ್ತಕೋಶದ ಕಲ್ಲು, ಮತ್ತೊಬ್ಬರ ಮನೆ ಬಿಡದ ಬಾಡಿಗೆದಾರ, ಒಂದೊಂದಾಗಿ ಹೊರಬರುತ್ತವೆ. ಆಮೆನ್ ಆದಮೇಲೆ ಚಹಾ. ಚಹಾದ ಹೊತ್ತಿಗೆ ಬಾಡಿಗೆದಾರನ ಊರು, ಅವನ ಮಾವನ ಕೆಲಸ ಎಲ್ಲ ಗೊತ್ತಾಗಿರುತ್ತದೆ.

"ಅಂದ್ರ ಕಣ್ಣ ಮುಚ್ಚಿ ಹೇಳೋ ಚಾಡಿ ಅನ್ನಪಾ," ಎಂದ ಕುಲಕರ್ಣಿ.

"ನಮಗೆ ಅದು ವಂಶದಿಂದಲೇ ಬಂದದ್ದು ಮಾರಾಯ," ಎಂದ ಕರುಣಾಕರ. "ಬಾಸೆಲಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಒಂಬತ್ತು ವರ್ಷ ಹೇಗೋ ತಡೆದುಕೊಂಡರು. 1843ರ ಜುಲೈ 1ಕ್ಕೆ ಮೋಗ್ಲಿಂಗ್ ಕಲ್ಲಚ್ಚಲ್ಲಿ 'ಮಂಗಳೂರ ಸಮಾಚಾರ' ತಂದೇ ಬಿಟ್ಟರು. ಕನ್ನಡದ ಮೊದಲ ಪತ್ರಿಕೆ! ಆ ಪರಂಪರೆಯವರ ಬಾಯಲ್ಲಿ ಶೆಟ್ರ ಮಂಡಿ ನಿಲ್ಲುದುಂಟಾ?"

ಆ ದಿನವನ್ನು ನಾವು ಈಗಲೂ ಪತ್ರಿಕಾ ದಿನ ಅಂತ ಆಚರಿಸುತ್ತೇವಲ್ಲ, ವಾದಕ್ಕೆ ಬಲವಿತ್ತು. ಆದರೆ ಮಂಗಳೂರ ಸಮಾಚಾರ ಓದಿದವರು ವಾಪಸ್ ಮನೆಗೆ ಬರುತ್ತಿರಲಿಲ್ಲ ಎಂಬುದು ಶೆಟ್ರ ತಕರಾರು. ಪ್ರಾರ್ಥನೆಯಾದ ದಿನವೇ ಹನ್ನೊಂದು ಫೋನು. ಸಂಜೆ ಘಾಟ್ಕೋಪರಿನಿಂದ ನಿವೃತ್ತ ನರ್ಸಮ್ಮ ಒಬ್ಬರು ಎಣ್ಣೆ ಬಾಟಲಿ ಹಿಡಿದು ಹಾಜರು. ಗಿರಾಕಿಗಳೆದುರಿಗೇ ಪಂಚೆ ಎತ್ತಿ ಎಂದರಂತೆ. ಸೋಮವಾರ ಬಂತು ವಾಕರ್. ಈಗಲೂ ಗಲ್ಲಾಪೆಟ್ಟಿಗೆಗೆ ಒರಗಿ ನಿಂತಿದೆ. ಹಿಡಿಗೆ ಯಾರೋ ಗುಲಾಬಿ ಉಲ್ಲನ್ ಸುತ್ತಿದ್ದಾರೆ.

"ಅದು ಏಳು ಮನೆ ತಿರುಗಿ ಬಂದದ್ದು," ಎಂದ ಕರುಣಾಕರ ಹೆಮ್ಮೆಯಿಂದ. "ಆರು ಜನ ವಾಕರ್ ಬಿಟ್ಟು ನಡೆದಿದ್ದಾರೆ."

"ಏಳನೆಯವರು?" ಶೆಟ್ರ ದನಿ ತಗ್ಗಿತು.

"ಅವರು ಮಗನ ಹತ್ತಿರ ಅಮೆರಿಕಕ್ಕೆ ಹೋದರು ಮಾರಾಯ್ರೆ. ನೀವೆಂತ ಯೋಚನೆ ಮಾಡುದು!"

ಶೆಟ್ರು ಚೇತರಿಸಿಕೊಂಡು, "ನಮ್ಮ ಬಂಟರ ಸಂಘವೂ ಉಂಟು, 1927ರದ್ದು. ಇಷ್ಟು ವರ್ಷದಲ್ಲಿ ಒಬ್ಬನ ಮಂಡಿ ವೇದಿಕೆಗೆ ಬಂದದ್ದು ನಾನು ಕಾಣೆ," ಎಂದರು.

"ಬಂದಿದ್ರ ಅದಕ್ಕೂ ಶಾಲು ಹೊದಿಸಿ ಸನ್ಮಾನ ಮಾಡಿ ಕಳಸ್ತಿದ್ರಿ," ಎಂದ ಕುಲಕರ್ಣಿ.

ನಾನು ನಕ್ಕೆನಾದರೂ ಒಳಗೊಳಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಹನ್ನೆರಡು ವರ್ಷದಿಂದ ನನ್ನ ಎದುರು ಬಾಗಿಲಿನವರಿಗೆ ನನಗೆ ಮಂಡಿಗಳಿವೆ ಎಂಬುದೇ ಗೊತ್ತಿಲ್ಲ.

ಶೆಟ್ರಿಗೆ ಆ ಚರ್ಚಿನ ಮೇಲೆ ಹಳೆಯ ಸಿಟ್ಟು ಬೇರೆ ಇದೆ, ಕುಂಬಳಕಾಯಿಯದ್ದು. ದೀಪಾವಳಿಗೆ ಮೊದಲು ಬೆಳೆ ಹಬ್ಬಕ್ಕೆ ಕರುಣಾಕರ ನಮ್ಮನ್ನೆಲ್ಲ ಕರೆದಿದ್ದ. ಊರಿನಲ್ಲಾದರೆ ಗದ್ದೆಯ ಭತ್ತ, ತೋಟದ ಬಾಳೆಗೊನೆ, ಹಿತ್ತಲಿನ ಕೋಳಿ ತಂದು ದೇವರ ಮುಂದಿಟ್ಟು ಹರಾಜು ಹಾಕುತ್ತಾರೆ. ಮುಂಬಯಿಯಲ್ಲಿ ಯಾರ ಬೆಳೆ? ಒಬ್ಬ ಹೆಂಗಸು ಬಾಲ್ಕನಿಯಲ್ಲಿ ಬೆಳೆದ ಮೂರು ಹಸಿಮೆಣಸನ್ನು ಸಾಸರಿನಲ್ಲಿಟ್ಟು ತಂದಿದ್ದರು. ಪ್ರಾಮಾಣಿಕ ಬೆಳೆ ಅಂದರೆ ಅದೊಂದೇ ಇರಬೇಕು. ಉಳಿದದ್ದೆಲ್ಲ ದಾದರ್ ಮಾರ್ಕೆಟ್ಟಿನಿಂದ ಅದೇ ಬೆಳಿಗ್ಗೆ ಇಳಿದದ್ದು. ಒಂದು ಅನಾನಸಿಗೆ ಅಂಗಡಿಯ ಚೀಟಿ ಇನ್ನೂ ಅಂಟಿತ್ತು.

ಕುಂಬಳಕಾಯಿ ಹರಾಜಿಗೆ ಬಂತು. ಶೆಟ್ರು ಮೂವತ್ತು ವರ್ಷದಿಂದ ವಾಶಿಯ ಸಗಟು ಮಾರುಕಟ್ಟೆಯಲ್ಲಿ ತರಕಾರಿ ಎತ್ತುವವರು. ಯಾರೋ "ಐನೂರು" ಅಂದಾಗ ಇವರ ಕರುಳು ಚುರ್ ಅಂದಿತು. ಎದ್ದು ನಿಂತು, "ಅರವತ್ತು!" ಎಂದು ಕೂಗಿದರು. ಹರಾಜು ಕೂಗುವವನು, ಮೇಲಕ್ಕೆ ಹೋಗಬೇಕು ಅಂದ. "ಮಾಲು ನೋಡಿ ಮಾತಾಡು. ತೊಟ್ಟು ಒಣಗಿದೆ. ಎಪ್ಪತ್ತು, ಕೊನೆಯ ಮಾತು," ಎಂದರು ಶೆಟ್ರು. ಅಷ್ಟರಲ್ಲಿ ಸಾವಿರದೈನೂರಕ್ಕೆ ಹೋಯಿತು. ಕೊಂಡವರು ದುಡ್ಡು ಕೊಟ್ಟು, ಕಾಯನ್ನು ಮತ್ತೆ ಮೇಜಿನ ಮೇಲೇ ಇಟ್ಟರು. ಎರಡನೆಯ ಸಲ ಸಾವಿರದ ನೂರು. ಅವರೂ ವಾಪಸ್ ಇಟ್ಟರು.

"ಒಂದೇ ಮಾಲು ಎರಡು ಸಲ ಮಾರಿದರೆ ನಮ್ಮಲ್ಲಿ ಜೈಲು!" ಎಂದು ಶೆಟ್ರು ನನ್ನ ಕಿವಿಯಲ್ಲಿ ಹಲ್ಲು ಕಡಿದರು.

ಆ ಕಟ್ಟಡದಲ್ಲಿ ಬೆಳಿಗ್ಗೆ ಮರಾಠಿ ಸಭೆ, ಆಮೇಲೆ ಕನ್ನಡ, ಅದರ ಹಿಂದೆ ತಮಿಳು. ನಮ್ಮ ಹೊತ್ತು ಮೀರಿತ್ತು, ತಮಿಳಿನವರು ಬಾಗಿಲಲ್ಲಿ ಕೆಮ್ಮುತ್ತಿದ್ದರು. ಸಭಾಪಾಲಕರ ಪ್ರಸಂಗ ಚುಟುಕಾಗಿರುವುದಕ್ಕೂ ಆ ಕೆಮ್ಮೇ ಕಾರಣವಂತೆ. ಆವತ್ತು ಕೆಮ್ಮು ನಿಂತು, ಅಲ್ಲಿಂದಲೂ ಒಂದು ಬಿಡ್ ಬಂತು. ಶೆಟ್ರಿಗೆ ತಡೆಯಲಾಗಲಿಲ್ಲ. "ಎರಡು ಸಾವಿರ! ನಾನು ವಾಪಸ್ ಇಡುವವನಲ್ಲ. ಈ ಅನ್ಯಾಯ ಇಲ್ಲಿಗೆ ಮುಗೀಬೇಕು," ಎಂದು ಕುಂಬಳಕಾಯಿಯನ್ನು ಕಂಕುಳಲ್ಲಿ ಹಿಡಿದು ಹೊರಟರು. ಮೂರು ಭಾಷೆಯವರೂ ಚಪ್ಪಾಳೆ ತಟ್ಟಿದರು; ಮರಾಠಿಯವರು ಚಹಾಕ್ಕೆ ಉಳಿದುಕೊಂಡಿದ್ದರು.

ಆ ದುಡ್ಡು ಹೋದದ್ದು ಪರೇಲಿಗೆ. ಅಲ್ಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ 1941ರದ್ದು. ಬೀದರ, ಕಲಬುರಗಿ ಕಡೆಯಿಂದಲೂ ಕ್ಯಾನ್ಸರ್ ಚಿಕಿತ್ಸೆಗೆ ಬರುತ್ತಾರೆ. ರೋಗಿಗೆ ಹಾಸಿಗೆ ಸಿಕ್ಕರೂ ಜೊತೆಗೆ ಬಂದವರಿಗೆ ಸೂರಿಲ್ಲ; ಎಷ್ಟೋ ಮಂದಿ ಫುಟ್‌ಪಾತಿನಲ್ಲೇ ಒಲೆ ಹೂಡುತ್ತಾರೆ. ಭಾನುವಾರ ಆರಾಧನೆ ಮುಗಿಸಿ ಕರುಣಾಕರನ ತಂಡ ಅಲ್ಲಿಗೆ ಊಟ ಒಯ್ಯುತ್ತದೆ. ಕರಾವಳಿಯವರು ಏನು ಒಯ್ದಾರು? ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ. ಅವರ ಪಾಲಿಗೆ ಅದಕ್ಕಿಂತ ಮಿಗಿಲಾದ ಊಟ ಭೂಮಿಯ ಮೇಲಿಲ್ಲ.

ಕಲಬುರಗಿ ಕಡೆಯ ಒಬ್ಬ ಮುದುಕಿ ಡಬ್ಬಿಯ ಮುಚ್ಚಳ ತೆಗೆದು ನೋಡಿ, "ಯಪ್ಪಾ, ನನಗೇನೂ ಆಗಿಲ್ಲ. ಪೇಷಂಟ್ ನನ್ನ ಮಗ. ನನಗ್ಯಾಕ ಗಂಜಿ? ರೊಟ್ಟಿ ಇದ್ರ ಕೊಡು," ಅಂದಳಂತೆ.

ಕರುಣಾಕರ ಆ ಮಾತು ಹೇಳುವಾಗ ಪ್ರತಿ ಸಲ ಒಂದು ಕ್ಷಣ ಸುಮ್ಮನಾಗುತ್ತಾನೆ. ಮೂರು ವಾರ ಸತತವಾಗಿ ಗಟ್ಟಿಮುಟ್ಟಾದವರಿಗೆಲ್ಲ ಜ್ವರದ ಊಟ ಬಡಿಸಿದ್ದರು. ಆ ಗುರುವಾರದ ವಿಜ್ಞಾಪನೆ ಇಷ್ಟೇ: "ಕರ್ತನೇ, ರೊಟ್ಟಿ ತಟ್ಟುವವರನ್ನು ಒದಗಿಸು."

"ಹತ್ತು ನಿಮಿಷಕ್ಕ ನನಗ ಫೋನ್ ಬಂತು," ಎಂದ ಕುಲಕರ್ಣಿ. "ಕರ್ತಗ ನನ್ನ ನಂಬರ್ ಕೊಟ್ಟಾಂವ ಯಾರು ಅಂತ ಇನ್ನೂ ವಿಚಾರಸ್ಲಿಕ್ಕತ್ತೀನಿ."

ಅಂದಿನಿಂದ ಶನಿವಾರ ಸಂಜೆ ಡೊಂಬಿವಲಿಯಲ್ಲಿ ಅವನ ಹೆಂಡತಿ, ಅಕ್ಕಪಕ್ಕದ ಇಬ್ಬರನ್ನು ಕೂಡಿಸಿಕೊಂಡು, ಅರವತ್ತು ಜೋಳದ ರೊಟ್ಟಿ ತಟ್ಟುತ್ತಾಳೆ. ಭಾನುವಾರ ಕುಲಕರ್ಣಿ ಅದನ್ನು ಮಡಿಲಲ್ಲಿಟ್ಟುಕೊಂಡು ಲೋಕಲ್ ಹಿಡಿಯುತ್ತಾನೆ. ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದರೆ ಮುಲುಂಡಿನಿಂದ ಮಾಟುಂಗಾದ ತನಕ ರೊಟ್ಟಿಗಿಂತ ಇವನೇ ಹೆಚ್ಚು ಒಣಗಿರುತ್ತಾನೆ. ಪಲ್ಯ ಶೆಟ್ರದ್ದು. ಮೊದಲ ವಾರದ್ದು ಕುಂಬಳಕಾಯಿ ಪಲ್ಯ. ಎರಡು ಸಾವಿರ ವಸೂಲಾಗಬೇಕಲ್ಲ.

ಕೊನೆಗೂ ಕಾಫಿ ಬಂತು.

"ಮುಂದಿನ ವಾರ ರೊಟ್ಟಿ ಕಡಿಮಿ ಆಗ್ತಾವ," ಎಂದ ಕುಲಕರ್ಣಿ. "ಆಕಿ ಮಣಿಕಟ್ಟು ಬಾತದ."

ಕರುಣಾಕರ ಆಗಲೇ ಜೇಬಿನಿಂದ ಚೀಟಿ, ಪೆನ್ಸಿಲ್ ತೆಗೆದಿದ್ದ. "ಎಡವಾ ಬಲವಾ? ಈ ಸಲ ತಪ್ಪಬಾರದು."

ಕುಲಕರ್ಣಿ ಬಾಯಿ ತೆರೆದು ಮುಚ್ಚಿದ. ಮೂವತ್ತೆರಡು ವರ್ಷದ ಸಂಸಾರ! ತನ್ನೆರಡೂ ಕೈ ಮುಂದೆ ಚಾಚಿ ನೋಡಿಕೊಂಡ, ಅಲ್ಲಿ ಬರೆದಿತ್ತೇನೋ ಎಂಬಂತೆ. "ತಡೀ, ಕೇಳಿ ಹೇಳ್ತೀನಿ," ಎಂದು ಫೋನು ಹಚ್ಚಿ ಎದ್ದು ಹೋದ. ತಿರುಗಿ ಬಂದಾಗ ಮುಖ ಸಣ್ಣದಾಗಿತ್ತು.

"ಘಾಟ್ಕೋಪರದ ನರ್ಸಬಾಯಿ ನಿನ್ನೇನ ಬಂದು ಎಣ್ಣಿ ಹಚ್ಚಿ ಹೋಗ್ಯಾರಂತ."

"ಯಾವ ಕೈಗೆ?" ಪೆನ್ಸಿಲ್ ಹಿಡಿದೇ ಕೇಳಿದ ಕರುಣಾಕರ.

ಕುಲಕರ್ಣಿ ಅದನ್ನು ಕೇಳುವುದು ಮರೆತಿದ್ದ.