ಬಿಸಿ ಮಾಡದೆ ಆಮ್ಲಜನಕ ಅಳೆಯಬಹುದಾ? ಮಲ್ಪೆಯಿಂದ ಒಂದು ಪ್ರಶ್ನೆ

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ, ಮಲ್ಪೆ):
ನಮಸ್ಕಾರ ಮೇಡಂ. ನಮ್ಮ ಮನೆಯವರದ್ದು ಒಂದು ಬೋಟ್ ಇದೆ. ಮೀನು ತುಂಬುವ ಸ್ಟೋರೇಜ್ ಕೆಲವೊಮ್ಮೆ ದಿನಗಟ್ಟಲೆ ಮುಚ್ಚಿಯೇ ಇರುತ್ತದೆ. ಮೀನು ಕೊಳೆತರೆ ಒಳಗೆ ಆಮ್ಲಜನಕ ಕಡಿಮೆಯಾಗುತ್ತದೆ ಎಂದು ಓದಿದಾಗಿನಿಂದ ಅಪ್ಪ ಇಳಿಯುವಾಗಲೆಲ್ಲ ಹೆದರಿಕೆ. ಬ್ಯಾಟರಿಯಲ್ಲಿ ಓಡುವ ಮೀಟರ್ ಮಾಡೋಣ ಅಂತ ಎಂಕ್ಯೂ-2 ಸೆನ್ಸರ್ ತಂದೆ. ಮುಟ್ಟಿದರೆ ಬಿಸಿ. ಬ್ಯಾಟರಿ ಬೇಗ ಖಾಲಿ. ಆಮ್ಲಜನಕವನ್ನಂತೂ ತೋರಿಸುವುದಿಲ್ಲ. ಬಿಸಿ ಬೇಡದ ಲೋಹದ ಆಕ್ಸೈಡ್ ಯಾವುದಾದರೂ ಇದೆಯಾ?

ಉತ್ತರ (ಸೆನ್ಸರ್ ವಸ್ತುಗಳ ಸಂಶೋಧಕಿ, ಸುರತ್ಕಲ್):
ಎಂಕ್ಯೂ-2 ಇರುವುದು ಅಡುಗೆ ಗ್ಯಾಸ್, ಹೊಗೆ ಹಿಡಿಯಲು. ಒಳಗಿರುವುದು ತವರದ ಆಕ್ಸೈಡ್. ಗಾಳಿಯ ಆಮ್ಲಜನಕ ಅದರ ಮೈಯಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಅಲ್ಲೇ ಕೂರುತ್ತದೆ, ರೋಧ (ಕರೆಂಟ್ ಹರಿಯಲು ಇರುವ ಅಡ್ಡಿ) ಏರುತ್ತದೆ. ಗ್ಯಾಸ್ ಬಂದು ಆ ಆಮ್ಲಜನಕವನ್ನು ತೆಗೆದರೆ ರೋಧ ಇಳಿಯುತ್ತದೆ.

ಬಿಸಿ ಯಾಕೆ ಬೇಕು? ತಣ್ಣಗಿದ್ದರೆ ಆಮ್ಲಜನಕ ಹಲಸಿನ ಮೇಣದ ಹಾಗೆ, ಅಂಟಿದರೆ ಬಿಡುವುದಿಲ್ಲ. ಹೊರಗೆ ಆಮ್ಲಜನಕ ಕಡಿಮೆಯಾದರೂ ಸೆನ್ಸರ್‌ಗೆ ಗೊತ್ತೇ ಆಗುವುದಿಲ್ಲ. ಕಾರಿನ ಹೊಗೆಕೊಳವೆಯಲ್ಲಿ ಆಮ್ಲಜನಕ ಅಳೆಯುವ ಜಿರ್ಕೋನಿಯಾ ಸೆನ್ಸರ್‌ಗೂ 300 ಡಿಗ್ರಿಗಿಂತ ಜಾಸ್ತಿ ಬಿಸಿ ಬೇಕು.

ಕೈಯ ಮೇಣ ಬಿಡಿಸಲು ಎಣ್ಣೆ ಹಚ್ಚುತ್ತೇವೆ ಅಲ್ವಾ? ಇಲ್ಲಿ ಆ ಕೆಲಸ ನೇರಳಾತೀತ ಬೆಳಕಿನದ್ದು. ಸತುವಿನ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ತೆಳು ಪದರದ ಮೇಲೆ 365 ನ್ಯಾನೋಮೀಟರ್ ಎಲ್‌ಇಡಿ ಬೆಳಕು ಬಿಟ್ಟರೆ, ಅಂಟಿದ ಆಮ್ಲಜನಕ ಕೋಣೆಯ ಉಷ್ಣತೆಯಲ್ಲೇ ಬಿಡುತ್ತದೆ, ಮತ್ತೆ ಕೂರುತ್ತದೆ. ನಾನಾದರೆ ಸತುವಿನ ಆಕ್ಸೈಡ್‌ನಿಂದಲೇ ಶುರು ಮಾಡುತ್ತೇನೆ. ಅಗ್ಗ, ಸುಲಭವಾಗಿ ಸಿಗುತ್ತದೆ.

ನಮ್ಮ ಕರಾವಳಿಯಲ್ಲಿ ನಿಜವಾದ ತೊಂದರೆ ತೇವ. ತಣ್ಣಗಿನ ಪದರದ ಮೇಲೆ ನೀರು ಕೂತರೆ ರೋಧವೇ ಬದಲಾಗುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತದೆ, ಎಚ್ಚರಿಕೆ ಕೊಡಬೇಕಾದದ್ದು 19.5ಕ್ಕೆ. ಇಷ್ಟು ಸಣ್ಣ ಇಳಿತವನ್ನು ಐಸ್ ಕರಗಿದ ಸ್ಟೋರೇಜ್‌ನ ತೇವ ಸುಲಭವಾಗಿ ಮುಚ್ಚಿಹಾಕುತ್ತದೆ. ಇನ್ನೊಂದು, ಕೊಳೆತ ಮೀನಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಕೂಡ ಬರುತ್ತದೆ. ಅದೂ ಈ ಪದರದ ರೋಧ ಇಳಿಸುತ್ತದೆ. ಯಾವುದರಿಂದ ಇಳಿಯಿತು ಅಂತ ಹೇಳುವುದು ಹೇಗೆ?

ಅದಕ್ಕೇ ಅಪ್ಪನ ಜೀವವನ್ನು ಈ ಪ್ರಾಜೆಕ್ಟ್ ಮೇಲೆ ಬಿಡಬೇಡಿ. ಆಮ್ಲಜನಕ, ಹೈಡ್ರೋಜನ್ ಸಲ್ಫೈಡ್ ಎರಡನ್ನೂ ಅಳೆಯುವ ರೆಡಿ ಮೀಟರ್ ತನ್ನಿ. ಅದರೊಳಗಿನ ಎಲೆಕ್ಟ್ರೋಕೆಮಿಕಲ್ ಸೆಲ್‌ಗೆ (ಗ್ಯಾಸ್‌ನ ರಾಸಾಯನಿಕ ಕ್ರಿಯೆಯಿಂದ ಬರುವ ಕರೆಂಟ್ ಅಳೆಯುವ ಭಾಗ) ಹೀಟರ್ ಬೇಡ. ಮೂಗನ್ನು ನಂಬಬೇಡಿ, ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ವಾಸನೆಯೇ ತಿಳಿಯುವುದಿಲ್ಲ.

ಪ್ರಶ್ನೆ ಕೇಳಿದವರು:
ಹಾಗಾದರೆ ಪ್ರಾಜೆಕ್ಟ್ ಕೈಬಿಡಬೇಕಾ ಮೇಡಂ?

ಉತ್ತರ:
ಖಂಡಿತ ಬೇಡ! ನಿಮ್ಮ ಸೆನ್ಸರ್, ರೆಡಿ ಮೀಟರ್, ತೇವ ಅಳೆಯುವ ಸೆನ್ಸರ್ ಮೂರನ್ನೂ ಒಂದೇ ಹಗ್ಗಕ್ಕೆ ಕಟ್ಟಿ. ಯಾರೂ ಇಳಿಯದೆ, ಮೇಲಿನಿಂದಲೇ ಬಿಡಿ. ಮೇಲೆ, ನಡುವೆ, ತಳದಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಬರೆದುಕೊಳ್ಳಿ. ಆಟಿ ತಿಂಗಳ ಮಳೆಯಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಮಾಡಿ. ಅಂಕಿಗಳು ಸಿಕ್ಕ ಮೇಲೆ ಇಲ್ಲೇ ಹಾಕಿ, ಒಟ್ಟಿಗೆ ನೋಡೋಣ. ಎಲ್‌ಇಡಿಯನ್ನು ಗಾಳಿಯಾಡುವ ಕಪ್ಪು ಡಬ್ಬಿಯೊಳಗೆ ಇಡಿ, ಆ ಬೆಳಕು ಕಣ್ಣಿಗೆ ಬೀಳಬಾರದು.