ಲೈನಿಗೆ 5 ಡಾಲರ್: ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ಸುಮಾ (ಎಡಿಸನ್, ನ್ಯೂಜೆರ್ಸಿ): ಮೇಲಿನ ಫೋಟೋ ನೋಡಿ. ನಮ್ಮ ಫೋನ್ ಕಂಪನಿ ಕಳಿಸಿದ ಮೆಸೇಜ್. ತಿಂಗಳ ಬಿಲ್ಲು ತಾನಾಗಿಯೇ ಕಟ್ಟಿಹೋಗಲಿ ಅಂತ ಕ್ರೆಡಿಟ್ ಕಾರ್ಡಿನಲ್ಲಿ ಆಟೋಪೇ ಇಟ್ಟವರಿಗೆ ಮುಂದಿನ ಬಿಲ್ಲಿನಿಂದ ರಿಯಾಯಿತಿ ಇಲ್ಲವಂತೆ. ಬ್ಯಾಂಕ್ ಖಾತೆ ಅಥವಾ ಡೆಬಿಟ್ ಕಾರ್ಡ್ ಕೊಟ್ಟರೆ ಮಾತ್ರ. ಲೈನಿಗೆ 5 ಡಾಲರ್. ನಮ್ಮದು ನಾಲ್ಕು ಲೈನ್, ಅಂದರೆ ತಿಂಗಳಿಗೆ 20, ವರ್ಷಕ್ಕೆ 240. ಹಳೇ ಪ್ಲಾನ್ ಅಂತ ಇಷ್ಟು ದಿನ ಸುಮ್ಮನೆ ಬಿಟ್ಟಿದ್ದರು. ಚಿರಾಗ್, ನಿನ್ನ ಲೈನೂ ಇದರಲ್ಲೇ ಇದೆ, ಓದು.

ಚಿರಾಗ್ (ಆರ್ಲಿಂಗ್ಟನ್, ಟೆಕ್ಸಸ್): ಓದಿದೆ ಚಿಕ್ಕಮ್ಮ. ನಾನು ಕಳಿಸುವ 45 ಇನ್ನು 50 ಆಗುತ್ತಾ?

ವಿನಯ್ (ಡಲ್ಲಾಸ್): ಆಗಬೇಕಾಗಿಲ್ಲ. ಸುಮಕ್ಕ, ಡೆಬಿಟ್ ಕಾರ್ಡ್ ಹಾಕಿಬಿಡು, ಮುಗಿಯಿತು. ಇದು ನಿಮ್ಮ ಕಂಪನಿಯೊಂದೇ ಮಾಡಿದ್ದಲ್ಲ. ಟಿ-ಮೊಬೈಲ್ 2023ರಲ್ಲೇ ಮಾಡಿತು. ವೆರೈಜನ್ ಅದಕ್ಕೂ ಮುಂಚೆಯೇ. ಎಟಿ ಅಂಡ್ ಟಿ ಕೂಡ ಅದೇ ದಾರಿ ಹಿಡಿಯಿತು. ಈ ದೇಶದಲ್ಲಿ ದೊಡ್ಡ ಕಂಪನಿ ಅಂತ ಇರುವುದೇ ಈ ಮೂರು.

ಸುಮಾ: ಮೂರೂ ಜನ ಮಾಡಿದರೆ ಸರಿ ಆಗಿಬಿಡುತ್ತಾ? ಬೇರೆ ಕಡೆ ಹೋಗುತ್ತೇನೆ ಅನ್ನುವ ಆಯ್ಕೆಯೂ ಹೋಯಿತು ಅಂತ ಅರ್ಥ, ಅಷ್ಟೆ.

ಶ್ರೀನಿವಾಸ ಚಿಕ್ಕಪ್ಪ (ಮೈಸೂರು): ಸುಮಾ, ನನಗೊಂದು ಅರ್ಥ ಆಗಲಿಲ್ಲ. ದುಡ್ಡು ಸರಿಯಾದ ದಿನಕ್ಕೆ ಅವರಿಗೆ ಸೇರುತ್ತಲೇ ಇದೆಯಲ್ಲ. ಯಾವ ಜೇಬಿನಿಂದ ಬಂದರೆ ಅವರಿಗೇನು?

ವಿನಯ್: ಅವರಿಗೆ ಖರ್ಚಿದೆ ಚಿಕ್ಕಪ್ಪ. ನಾನು ಪೇಮೆಂಟ್ ಕಡೆಯೇ ಕೆಲಸ ಮಾಡುವವನು, ಹೇಳುತ್ತೇನೆ ಕೇಳಿ. ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅಂಗಡಿಯವನು ಕಾರ್ಡ್ ಕೊಟ್ಟ ಬ್ಯಾಂಕಿಗೆ ಶೇಕಡ 2ರ ಆಸುಪಾಸು ಶುಲ್ಕ ಕಟ್ಟಬೇಕು. ಡೆಬಿಟ್ ಕಾರ್ಡಿಗೆ ಹಾಗಲ್ಲ. ಇಲ್ಲಿನ ಬ್ಯಾಂಕುಗಳಿಗೆ ಅಂತ 2010ರಲ್ಲಿ ಮಾಡಿದ ಡಾಡ್-ಫ್ರಾಂಕ್ ಕಾನೂನಿನಲ್ಲಿ ಡರ್ಬಿನ್ ತಿದ್ದುಪಡಿ ಅಂತ ಬಂತು. ದೊಡ್ಡ ಬ್ಯಾಂಕಿನ ಡೆಬಿಟ್ ಕಾರ್ಡ್ ಆದರೆ 21 ಸೆಂಟ್, ಜೊತೆಗೆ ಮೊತ್ತದ ಶೇಕಡ 0.05, ವಂಚನೆ ತಡೆಗೆ ಇನ್ನೊಂದು ಸೆಂಟ್. ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಬ್ಯಾಂಕ್ ಖಾತೆಯಿಂದ ನೇರವಾಗಿ ಎಳೆದರೆ ಇನ್ನೂ ಕಡಿಮೆ. ಕೋಟಿಗಟ್ಟಲೆ ಗಿರಾಕಿಗಳು ಇರುವ ಕಂಪನಿಗೆ ಇದು ಸಣ್ಣ ಮೊತ್ತ ಅಲ್ಲ. ಇಂಥ ಪಾವತಿಗೆ ಇಷ್ಟು ರಿಯಾಯಿತಿ ಅಂತ ಕೊಡುವುದಕ್ಕೆ ಅದೇ ಕಾನೂನು ಒಪ್ಪಿಗೆಯನ್ನೂ ಕೊಟ್ಟಿದೆ.

ಸುಮಾ: ಸರಿ, ನಿನ್ನ ಲೆಕ್ಕವನ್ನೇ ಹಾಕೋಣ. ನಮ್ಮ ಬಿಲ್ಲು 180 ಡಾಲರ್. ಶೇಕಡ 2 ಅಂದರೆ 3 ಡಾಲರ್ 60 ಸೆಂಟ್. ಡೆಬಿಟ್ ಆದರೆ ಸುಮಾರು 31 ಸೆಂಟ್. ವ್ಯತ್ಯಾಸ 3 ಡಾಲರ್ 30 ಸೆಂಟ್ ಅಷ್ಟೇ. ನನ್ನಿಂದ ಕೇಳುತ್ತಿರುವುದು 20 ಡಾಲರ್. ಉಳಿದ ಹದಿನಾರು ಚಿಲ್ಲರೆ ಯಾವುದಕ್ಕೆ?

ಸುಮಾ: ಇನ್ನೊಂದು. ಎಟಿ ಅಂಡ್ ಟಿ ಈ ನಿಯಮ ತಂದಾಗ ಬ್ಯಾಂಕ್ ಖಾತೆಗೆ ಲೈನಿಗೆ 10 ಡಾಲರ್, ಡೆಬಿಟ್ ಕಾರ್ಡಿಗೆ 5 ಡಾಲರ್ ಅಂತ ಇಟ್ಟಿತು. ನಿನ್ನ ಲೆಕ್ಕದಲ್ಲೇ ಡೆಬಿಟ್ ಕಾರ್ಡಿನ ಖರ್ಚು 30 ಸೆಂಟ್ ಚಿಲ್ಲರೆ. ಹಾಗಾದರೆ ಲೈನಿಗೆ 5 ಡಾಲರ್ ವ್ಯತ್ಯಾಸ ಎಲ್ಲಿಂದ ಬಂತು ವಿನಯ್?

ವಿನಯ್: 1,000 ಕೋಟಿ ಡಾಲರಿಗಿಂತ ಕಡಿಮೆ ಆಸ್ತಿ ಇರುವ ಬ್ಯಾಂಕುಗಳಿಗೆ ಆ ಮಿತಿ ಇಲ್ಲ ಅಕ್ಕ. ಅವುಗಳ ಡೆಬಿಟ್ ಕಾರ್ಡಿಗೆ ಶುಲ್ಕ ಜಾಸ್ತಿ ಬೀಳುತ್ತದೆ. ಆದರೆ ಒಪ್ಪುತ್ತೇನೆ, ಲೈನಿಗೆ 5 ಡಾಲರ್ ಅಷ್ಟು ಬೀಳುವುದಿಲ್ಲ. ಆಟೋಪೇ ರಿಯಾಯಿತಿ ಅನ್ನುವುದು ಬರೀ ಕಾರ್ಡ್ ಶುಲ್ಕದ ಲೆಕ್ಕ ಅಲ್ಲ. ಗಿರಾಕಿ ತಡಮಾಡದೆ ಕಟ್ಟುತ್ತಾನೆ, ಬಾಕಿ ಉಳಿಯುವುದಿಲ್ಲ, ನೆನಪಿಸಲು ಫೋನ್ ಮಾಡಬೇಕಾಗಿಲ್ಲ. ಅದೆಲ್ಲ ಸೇರಿ ಕೊಡುತ್ತಿದ್ದ ದುಡ್ಡು.

ಸುಮಾ: ನನ್ನ ಜಗಳವೂ ಅದೇ! ಅದೆಲ್ಲ ನಾನು ಇವತ್ತಿಗೂ ಮಾಡುತ್ತಿದ್ದೇನಲ್ಲ. ಆಟೋಪೇ ತೆಗೆದಿಲ್ಲ. ಒಂದು ತಿಂಗಳೂ ತಪ್ಪಿಸಿಲ್ಲ. ಕಾಗದದ ಬಿಲ್ಲೂ ಕೇಳಿಲ್ಲ. ಅವರ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವ ಬೆಲೆ ರಿಯಾಯಿತಿ ಕಳೆದ ಮೇಲಿನ ಬೆಲೆ. ಷರತ್ತು ಕೆಳಗೆ ಸಣ್ಣ ಅಕ್ಷರದಲ್ಲಿ. ಆ ಬೆಲೆ ನೋಡಿಯೇ ನಾವು ಸೇರಿದ್ದು. ಈಗ ಆ ಬೆಲೆ ಬೇಕೆಂದರೆ ಬ್ಯಾಂಕ್ ಖಾತೆ ಬಿಚ್ಚಿಡು ಅನ್ನುತ್ತಾರೆ.

ದೀಪಾ (ಬೆಂಗಳೂರು): ಸುಮಕ್ಕ, ಬ್ಯಾಂಕ್ ಖಾತೆ ಕೊಡುವುದಕ್ಕೆ ಯಾಕಿಷ್ಟು ಹೆದರಿಕೆ? ಇಲ್ಲಿ ನಾವೆಲ್ಲ ಯುಪಿಐ ಆಟೋಪೇ ಇಟ್ಟುಕೊಂಡಿದ್ದೇವೆ. ಅದೂ ಖಾತೆಯಿಂದಲೇ ಹೋಗುತ್ತದೆ.

ಶ್ರೀನಿವಾಸ ಚಿಕ್ಕಪ್ಪ: ಇಲ್ಲಿಗೂ ಅಲ್ಲಿಗೂ ವ್ಯತ್ಯಾಸ ಇದೆ ದೀಪಾ. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ನಿಯಮ ಇದೆ. ದುಡ್ಡು ಹೋಗುವ 24 ಗಂಟೆ ಮೊದಲು ಗಿರಾಕಿಗೆ ಮೆಸೇಜ್ ಬರಲೇಬೇಕು. ಬೇಡ ಅಂದರೆ ನಿಲ್ಲಿಸಬಹುದು. ಮಿತಿ ದಾಟಿದ ಮೊತ್ತಕ್ಕೆ ಮತ್ತೆ ಒಟಿಪಿ ಬೇಕು. ಆ ಮಿತಿ ಮೊದಲು 5,000 ರೂಪಾಯಿ ಇತ್ತು, 2022ರ ಜೂನ್‌ನಲ್ಲಿ 15,000ಕ್ಕೆ ಏರಿಸಿದರು. ನಿಯಮ ಬಂದ ಹೊಸದರಲ್ಲಿ ಎಲ್ಲರೂ ಗೊಣಗಿದರು, ಆಟೋಪೇಗಳು ಸಾಲಾಗಿ ಫೇಲಾದವು. ಆದರೂ ಅದು ಒಳ್ಳೆಯ ನಿಯಮ ಅಂತ ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಅಲ್ಲಿ ಅಂಥದ್ದೇನೂ ಇಲ್ಲವಾ ವಿನಯ್?

ವಿನಯ್: ಒಟಿಪಿ ಇಲ್ಲ ಚಿಕ್ಕಪ್ಪ. ಆದರೆ ಏನೂ ಇಲ್ಲ ಅಂತಲ್ಲ. ಮೊತ್ತ ತಿಂಗಳಿಂದ ತಿಂಗಳಿಗೆ ಬದಲಾದರೆ 10 ದಿನ ಮೊದಲು ತಿಳಿಸಬೇಕು. ಮೂರು ಕೆಲಸದ ದಿನ ಮೊದಲು ಬ್ಯಾಂಕಿಗೆ ಹೇಳಿದರೆ ಆ ಪಾವತಿ ತಡೆಯಬಹುದು. ನಮಗೆ ಗೊತ್ತಿಲ್ಲದೆ ಯಾರೋ ಡೆಬಿಟ್ ಕಾರ್ಡ್ ಬಳಸಿದರೆ, ಎರಡು ಕೆಲಸದ ದಿನದೊಳಗೆ ಹೇಳಿದವರ ಹೊಣೆ 50 ಡಾಲರಿಗೆ ನಿಲ್ಲುತ್ತದೆ. ತಡಮಾಡಿದರೆ 500. 1978ರ ಕಾನೂನು ಇದು. ಸುಮಕ್ಕ ಹೇಳುವಷ್ಟು ಕಾಡು ಅಲ್ಲ ಇಲ್ಲಿ.

ಸುಮಾ: ಸ್ಟೇಟ್‌ಮೆಂಟ್ ಕಳಿಸಿ 60 ದಿನ ದಾಟಿದರೆ? ಆಮೇಲೆ ಹೋದ ದುಡ್ಡಿಗೆ ಮಿತಿಯೇ ಇಲ್ಲ. ಅದನ್ನೂ ಹೇಳು.

ವಿನಯ್: ಹೌದು, ಇಲ್ಲ.

ಸುಮಾ: ನನ್ನ ಹೆದರಿಕೆ ಕಳ್ಳನದ್ದಲ್ಲ ದೀಪಾ. ಬಿಲ್ಲಿನದ್ದು. ಹಿಂದೆ ಫೋನ್ ಬದಲಾಯಿಸಿದಾಗ ಹಳೆಯದನ್ನು ಕೊಟ್ಟರೆ ಇಷ್ಟು ಕಳೆಯುತ್ತೇವೆ ಅಂದಿದ್ದರು. ಕೊಟ್ಟೆವು. ಹಳೇ ಫೋನ್ ನಮಗೆ ಬಂದೇ ಇಲ್ಲ ಅಂತ ಹೇಳಿ ಹೊಸ ಫೋನಿನ ಪೂರ್ತಿ ಬೆಲೆಯನ್ನು ಒಂದೇ ಬಿಲ್ಲಿಗೆ ಸೇರಿಸಿದರು. ನನ್ನ ಹತ್ತಿರ ಕೊರಿಯರ್ ರಸೀದಿ ಇತ್ತು. ಫೋನಿನಲ್ಲಿ ಸಿಕ್ಕವರು ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ಕ್ರೆಡಿಟ್ ಕಾರ್ಡ್ ಬ್ಯಾಂಕಿಗೆ ತಕರಾರು ಕೊಟ್ಟೆ. ಅದಕ್ಕೆ 1974ರಿಂದಲೇ ಕಾನೂನು ಇದೆ. ಬ್ಯಾಂಕು ವಿಚಾರಿಸುವವರೆಗೆ ಆ ಮೊತ್ತ ನಾನು ಕಟ್ಟಬೇಕಾಗಿರಲಿಲ್ಲ. ಆಮೇಲೆ ಕಂಪನಿಯೇ ಸರಿ ಮಾಡಿತು.

ಸುಮಾ: ಅದೇ ದುಡ್ಡು ನಮ್ಮ ಖಾತೆಯಿಂದ ಹೋಗಿದ್ದರೆ ಆ ತಿಂಗಳ ಮನೆ ಸಾಲದ ಕಂತು ತಪ್ಪುತ್ತಿತ್ತು. ಖಾತೆಯಲ್ಲಿ ಇರುವುದಕ್ಕಿಂತ ಜಾಸ್ತಿ ಹೋದರೆ ಬ್ಯಾಂಕು ಹಾಕುವ ಓವರ್‌ಡ್ರಾಫ್ಟ್ ಶುಲ್ಕ ಬೇರೆ. ವಿನಯ್ ಹೇಳಿದ 50 ಡಾಲರ್ ಕಾನೂನು ನನಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಯಾಕೆಂದರೆ ಅದು ನನ್ನ ಒಪ್ಪಿಗೆ ಇಲ್ಲದೆ ಹೋದ ದುಡ್ಡಿಗೆ. ಆಟೋಪೇಗೆ ಒಪ್ಪಿಗೆ ಕೊಟ್ಟವಳು ನಾನೇ ಅಲ್ವಾ? ಕೊಟ್ಟ ಮಾತು ನಡೆಸಲಿಲ್ಲ ಅನ್ನುವ ತಕರಾರು ಅಲ್ಲಿ ನಿಲ್ಲುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಜಗಳ ನಡೆಯುವಾಗ ದುಡ್ಡು ನನ್ನ ಕಡೆ ಇರುತ್ತದೆ. ಖಾತೆಯಿಂದ ಹೋದರೆ ಅವರ ಕಡೆ. ದುಡ್ಡು ಯಾರ ಹತ್ತಿರ ಇದೆಯೋ ಅವರಿಗೆ ಅವಸರ ಇರುವುದಿಲ್ಲ.

ವಿನಯ್: ತಕರಾರು ಕೊಟ್ಟರೆ ಕೆಲವು ಸಲ ಲೈನ್ ಕಟ್ ಮಾಡುತ್ತಾರೆ ಅಕ್ಕ. ಕ್ರೆಡಿಟ್ ಕಾರ್ಡೂ ಪೂರ್ತಿ ಗುರಾಣಿ ಅಲ್ಲ.

ಸುಮಾ: ಗೊತ್ತು. ಆದರೂ ನನ್ನ ಕೈಯಲ್ಲಿರುವುದು ಅದೊಂದೇ.

ದೀಪಾ: ಈಗ ಅರ್ಥ ಆಯಿತು. ಅಲ್ಲಿನ ಫೋನ್ ಕಂಪನಿಗಳಿಂದ ಗಿರಾಕಿಗಳ ಮಾಹಿತಿ ಸೋರಿದೆ ಅಂತಲೂ ಓದಿದ್ದ ನೆನಪು.

ಸುಮಾ: ಒಂದು ಸಲ ಅಲ್ಲ. ಟಿ-ಮೊಬೈಲ್‌ನಿಂದ 2021ರಲ್ಲಿ 7 ಕೋಟಿ 60 ಲಕ್ಷಕ್ಕೂ ಜಾಸ್ತಿ ಜನರ ವಿವರ ಹೋಯಿತು. ಸೋಷಿಯಲ್ ಸೆಕ್ಯುರಿಟಿ ನಂಬರ್ ಕೂಡ, ನಿಮ್ಮ ಆಧಾರ್ ನಂಬರ್ ಇದ್ದ ಹಾಗೆ ಇಲ್ಲಿ ಅದು. 35 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿದರು. 2023ರ ಜನವರಿಯಲ್ಲಿ ಮತ್ತೆ 3 ಕೋಟಿ 70 ಲಕ್ಷ ಖಾತೆಗಳ ವಿವರ ಹೋಗಿದ್ದು ಹೊರಬಂತು. ಬ್ಯಾಂಕ್ ವಿವರ ಕೊಟ್ಟರೆ ಮಾತ್ರ ರಿಯಾಯಿತಿ ಅಂತ ಹೇಳಿದ್ದೂ ಅದೇ ವರ್ಷ! 2024ರಲ್ಲಿ ಎಟಿ ಅಂಡ್ ಟಿ ಸರದಿ, 7 ಕೋಟಿ 30 ಲಕ್ಷ ಹಾಲಿ ಮತ್ತು ಹಳೇ ಗಿರಾಕಿಗಳ ವಿವರ. ಇದು ಓದಿದಾಗ ನನಗೆ ನಿಜವಾಗಿಯೂ ಸಿಟ್ಟು ಬಂತು.

ವಿನಯ್: 2021ರದ್ದರಲ್ಲಿ ಪಾವತಿ ವಿವರ ಹೋದ ಸುಳಿವಿಲ್ಲ ಅಂತ ಕಂಪನಿ ಹೇಳಿತ್ತು.

ಸುಮಾ: ಹೇಳಿರಬಹುದು. ಕಾರ್ಡ್ ನಂಬರ್ ಸೋರಿದರೆ ಬೇರೆ ಕಾರ್ಡ್ ಮನೆಗೆ ಬರುತ್ತದೆ. ಖಾತೆ ನಂಬರ್ ಸೋರಿದರೆ ಸಂಬಳ, ಮನೆ ಕಂತು, ಕರೆಂಟು, ಶಾಲೆ ಫೀಸು ಎಲ್ಲವನ್ನೂ ಬೇರೆ ಖಾತೆಗೆ ತಿರುಗಿಸಬೇಕು. ಬಾಗಿಲು ಮುರಿದುಕೊಂಡ ಮನೆಯವರಿಗೇ ನಮ್ಮ ಬೀಗದ ಕೈ ಕೊಡು ಅಂದ ಹಾಗಾಯಿತು.

ಚಿರಾಗ್: ಚಿಕ್ಕಮ್ಮ, ನಾನೊಂದು ಹೇಳಬಹುದಾ? ಬೇಜಾರು ಮಾಡಿಕೊಳ್ಳಬೇಡಿ. ನನ್ನ ಹತ್ತಿರ ಕ್ರೆಡಿಟ್ ಕಾರ್ಡೇ ಇಲ್ಲ. ಬಂದ ಹೊಸದರಲ್ಲಿ ಕ್ರೆಡಿಟ್ ಇತಿಹಾಸ ಇಲ್ಲ ಅಂತ ಯಾರೂ ಕೊಡಲಿಲ್ಲ. ಇಲ್ಲಿ ನನ್ನ ರೂಮಿನವರೆಲ್ಲ ಡೆಬಿಟ್ ಕಾರ್ಡಿನವರೇ. ಕ್ರೆಡಿಟ್ ಕಾರ್ಡಿನವರಿಗೆ ಬರುವ ಕ್ಯಾಶ್‌ಬ್ಯಾಕ್, ಪಾಯಿಂಟು ಎಲ್ಲಿಂದ ಬರುತ್ತದೆ? ಅಂಗಡಿಯವರು ಕಟ್ಟುವ ಆ ಶೇಕಡ 2ರಿಂದ. ಅವರು ಅದನ್ನು ಎಲ್ಲರ ಬೆಲೆಗೂ ಸೇರಿಸುತ್ತಾರೆ. ಅಂದರೆ ನಮ್ಮಂಥವರು ಕಟ್ಟುವ ದುಡ್ಡಿನಲ್ಲಿ ಬೇರೆಯವರಿಗೆ ಪಾಯಿಂಟು. ಡೆಬಿಟ್‌ಗೆ ರಿಯಾಯಿತಿ ಕೊಟ್ಟರೆ ನನಗೆ ಅದು ನ್ಯಾಯ ಅನ್ನಿಸುತ್ತದೆ.

ವಿನಯ್: ಸರಿಯಾಗಿ ಹೇಳಿದೆ ಕಣೋ. ನಾನು ಹೇಳಬೇಕು ಅಂದುಕೊಂಡಿದ್ದು ಇದೇ.

ಸುಮಾ: ಬೇಜಾರೇನಿಲ್ಲ ಚಿರಾಗ್. ನೀನು ಹೇಳಿದ್ದರಲ್ಲಿ ನಿಜ ಇದೆ. ಕಾರ್ಡಿನ ಖರ್ಚು ಕಾರ್ಡ್ ಬಳಸುವವರೇ ಹೊರಲಿ. ನನ್ನ ಬಿಲ್ಲಿಗೆ 3 ಡಾಲರ್ 60 ಸೆಂಟ್ ಸೇರಿಸಲಿ, ಬಾಯಿ ಮುಚ್ಚಿಕೊಂಡು ಕಟ್ಟುತ್ತೇನೆ. ಬಿಲ್ಲಿನಲ್ಲಿ ಕಾರ್ಡ್ ಶುಲ್ಕ ಇಷ್ಟು ಅಂತ ಬರೆಯಲಿ. ಆದರೆ ಅವರು ಹಾಗೆ ಮಾಡಲಿಲ್ಲ. ನಿನಗೂ ಏನೂ ಹೊಸದಾಗಿ ಕೊಡಲಿಲ್ಲ. ಡೆಬಿಟ್‌ನವರ ಬಿಲ್ಲು ಒಂದು ಸೆಂಟೂ ಇಳಿದಿಲ್ಲ. ನಮ್ಮದು ಏರಿದೆ. ನಿನ್ನ ಕಡೆಗೆ ಬರಬೇಕಾಗಿದ್ದ ದುಡ್ಡು ಬಂತಾ?

ಚಿರಾಗ್: ಇಲ್ಲ. ಅದು ಹೊಳೆದಿರಲಿಲ್ಲ.

ಸುಮಾ: ವೆರೈಜನ್ ನೋಡು. ಅವರ ಹೆಸರಿನದ್ದೇ ವೀಸಾ ಕ್ರೆಡಿಟ್ ಕಾರ್ಡ್ ಇದೆ. ಅದರಲ್ಲಿ ಕಟ್ಟಿದರೆ ರಿಯಾಯಿತಿ ಉಂಟು. ಕ್ರೆಡಿಟ್ ಕಾರ್ಡ್ ಅನ್ನುವುದೇ ತೊಂದರೆ ಆಗಿದ್ದರೆ ಅದಕ್ಕೂ ಇರಬಾರದಿತ್ತು. ಇನ್ನು ಕೆಲವು ಕ್ರೆಡಿಟ್ ಕಾರ್ಡಿನಲ್ಲಿ ಫೋನ್ ಬಿಲ್ಲು ಕಟ್ಟಿದರೆ ಫೋನಿಗೆ ವಿಮೆ ಸಿಗುತ್ತದೆ. ನನ್ನದರಲ್ಲಿ 600 ಡಾಲರ್ ತನಕ, ಮೊದಲ 25 ಮಾತ್ರ ನಾವು ಹಾಕಬೇಕು. ಪರದೆ ಒಡೆದಾಗ ಅದೇ ಕೈಹಿಡಿದಿದ್ದು. ಈಗ ಅದೂ ಹೋಗುತ್ತದೆ. ಆಮೇಲೆ ಫೋನ್ ಕಂಪನಿಯವರ ವಿಮೆಯನ್ನೇ ತಿಂಗಳು ತಿಂಗಳು ಕೊಳ್ಳಬೇಕು.

ಶ್ರೀನಿವಾಸ ಚಿಕ್ಕಪ್ಪ: ಸುಮಾ, ನಾನು ಬ್ಯಾಂಕಿನಲ್ಲಿದ್ದಾಗ ಗಿರಾಕಿಗಳಿಗೆ ಒಂದು ಹೇಳುತ್ತಿದ್ದೆ. ಸಂಬಳ ಬರುವ ಖಾತೆಯನ್ನು ಹೊರಗಿನವರ ಕೈಗೆ ಕೊಡಬೇಡಿ. ಬಿಲ್ಲಿಗೆ ಅಂತಲೇ ಬೇರೆ ಉಳಿತಾಯ ಖಾತೆ ಇಡಿ. ಬೇಕಾದಷ್ಟೇ ಅದಕ್ಕೆ ಹಾಕಿ. ಅಲ್ಲಿ ಹಾಗೆ ಮಾಡಲು ಆಗುವುದಿಲ್ಲವಾ?

ವಿನಯ್: ಆಗುತ್ತದೆ ಚಿಕ್ಕಪ್ಪ. ತಿಂಗಳ ಶುಲ್ಕ ಇಲ್ಲದ ಚೆಕಿಂಗ್ ಖಾತೆ, ಅಂದರೆ ದಿನದ ವ್ಯವಹಾರದ ಖಾತೆ, ಕ್ರೆಡಿಟ್ ಯೂನಿಯನ್ ಅನ್ನುವ ಸಹಕಾರಿ ಬ್ಯಾಂಕುಗಳಲ್ಲಿ ಸಿಗುತ್ತದೆ. ಅಕ್ಕ, ಅದಕ್ಕೆ ಓವರ್‌ಡ್ರಾಫ್ಟ್ ಬೇಡ ಅಂತ ಬರೆದು ಕೊಡು. ಉಳಿದ ಖಾತೆಗಳ ಜೊತೆ ಜೋಡಿಸಬೇಡ. ನಮ್ಮ ಆಫೀಸಿನವರು ಕೆಲವರು ಇನ್ನೊಂದು ಮಾಡುತ್ತಾರೆ. ಆಟೋಪೇಗೆ ಖಾತೆ ಕೊಟ್ಟಿರುತ್ತಾರೆ, ಆದರೆ ದುಡ್ಡು ಎಳೆಯುವ ದಿನಕ್ಕೆ ಮೊದಲೇ ಕ್ರೆಡಿಟ್ ಕಾರ್ಡಿನಲ್ಲಿ ತಾವೇ ಕಟ್ಟಿಬಿಡುತ್ತಾರೆ. ಅವರಿಗೆ ರಿಯಾಯಿತಿ ಉಳಿದಿದೆ. ನಿಮ್ಮ ಕಂಪನಿಯಲ್ಲಿ ನಡೆಯುತ್ತಾ ಅಂತ ಷರತ್ತು ಓದಿ ನೋಡು.

ಸುಮಾ: ಪ್ರತಿ ತಿಂಗಳು ನೆನಪಿಟ್ಟು ಕೈಯಾರೆ ಕಟ್ಟುವುದಾದರೆ ಆಟೋಪೇ ಯಾಕೆ ಬೇಕು ಹೇಳು. ಬೇರೆ ಖಾತೆ ತೆರೆಯುವುದು ವಾಸಿ. ಅದನ್ನೇ ಮಾಡುತ್ತೇನೆ. 240 ಡಾಲರ್ ಬಿಡುವಷ್ಟು ಇಲ್ಲ ನಮ್ಮ ಹತ್ತಿರ, ಚಿರಾಗ್ ಹತ್ತಿರವಂತೂ ಮೊದಲೇ ಇಲ್ಲ. ಹಾಗಂತ ಸುಮ್ಮನಿರುವುದಿಲ್ಲ. ಫೋನ್ ಕಂಪನಿಗಳನ್ನು ನೋಡಿಕೊಳ್ಳುವ ಇಲ್ಲಿನ ಸರ್ಕಾರಿ ಸಂಸ್ಥೆ ಎಫ್‌ಸಿಸಿಗೆ ದೂರು ಬರೆಯುತ್ತೇನೆ. ಅವರು ಕಳಿಸಿದ ದೂರಿಗೆ ಕಂಪನಿ 30 ದಿನದೊಳಗೆ ಉತ್ತರ ಕೊಡಬೇಕು.

ವಿನಯ್: ಅದರಿಂದ ರಿಯಾಯಿತಿ ವಾಪಸ್ ಬರುವುದಿಲ್ಲ ಅಕ್ಕ. ಅವರು ಮಾಡಿದ್ದು ಕಾನೂನಿಗೆ ವಿರುದ್ಧ ಅಲ್ಲ.

ಸುಮಾ: ಬರದಿದ್ದರೂ ಪರವಾಗಿಲ್ಲ. 3 ಡಾಲರ್ 30 ಸೆಂಟ್ ಖರ್ಚಿಗೆ 20 ಡಾಲರ್ ಯಾಕೆ ಅಂತ ಅವರು ಕಾಗದದ ಮೇಲೆ ಉತ್ತರ ಕೊಡಲಿ.

ಚಿರಾಗ್: ಚಿಕ್ಕಮ್ಮ, ಬೇಕಾದರೆ ನನ್ನ ಡೆಬಿಟ್ ಕಾರ್ಡ್ ಹಾಕಿ, ನೀವು ನನಗೆ ಕಳಿಸಿ.

ಸುಮಾ: ಬೇಡಪ್ಪ. ಅವರು ಒಂದು ತಿಂಗಳು ತಪ್ಪು ಬಿಲ್ಲು ಹಾಕಿದರೆ ನಿನ್ನ ಮನೆ ಬಾಡಿಗೆಯ ದುಡ್ಡು ಹೋಗುತ್ತದೆ. ನೀನು ಆ 45ನ್ನೇ ಕಳಿಸು. ಖಾತೆ ತೆರೆದ ಮೇಲೆ ಹೇಳುತ್ತೇನೆ.

ವಿನಯ್: ದೂರು ಬರೆದ ಮೇಲೆ ಇಲ್ಲಿ ಹಾಕು. ಆ ಶುಲ್ಕದ ಲೆಕ್ಕ ನಾನು ನೋಡಿಕೊಡುತ್ತೇನೆ. ಸಣ್ಣ ಬ್ಯಾಂಕಿನ ಡೆಬಿಟ್ ಕಾರ್ಡಿನ ವಿಷಯ ಬರೆಯದೆ ಬಿಟ್ಟರೆ ಅದನ್ನೇ ಹಿಡಿದು ಉತ್ತರ ಕೊಡುತ್ತಾರೆ.

ಸುಮಾ: ಸರಿ. ರಾತ್ರಿ ಹಾಕುತ್ತೇನೆ.